ಸ್ಕ್ಯಾನ್ ಆಯಿತು ಸರಿ, ಓದುವವರು ಯಾರು?

ಮಾನ್ಯ ಸಂಪಾದಕರೇ,

ಓಲೆಗರಿಗಳ ಸ್ಕ್ಯಾನಿಂಗ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಯೋಜನೆ ಘೋಷಿಸಿ, ದೇಶದ ಒಂದು ಕೋಟಿಗೂ ಜಾಸ್ತಿ ಹಸ್ತಪ್ರತಿಗಳನ್ನು ಗುರುತಿಸಿ ಕಾಪಾಡುತ್ತೇವೆ ಅಂದಮೇಲೆ ಇಂಥ ಸುದ್ದಿ ಆಗಾಗ ಬರುತ್ತಿದೆ. ಖುಷಿಯೇ. ಆದರೆ ಎಷ್ಟು ಕಟ್ಟು, ಎಷ್ಟು ಪುಟ ಸ್ಕ್ಯಾನ್ ಆಯಿತು ಅನ್ನುವ ಲೆಕ್ಕ ಪ್ರತಿ ಸಲ ಇರುತ್ತದೆ, ಅದನ್ನು ಓದಬಲ್ಲವರು ಎಷ್ಟು ಜನ ಅನ್ನುವ ಲೆಕ್ಕ ಎಲ್ಲೂ ಇರುವುದಿಲ್ಲ. ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಆ ಎರಡನೇ ಲೆಕ್ಕ ನನ್ನ ಕಣ್ಣೆದುರೇ ಇಳಿಯುತ್ತಾ ಬಂದಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಎಂ.ಎ. ಓದುವಾಗ ಗ್ರಂಥಸಂಪಾದನೆ, ಅಂದರೆ ಹಸ್ತಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠ ಗೊತ್ತುಮಾಡುವ ವಿದ್ಯೆ, ಪರೀಕ್ಷೆಗೆ ಒಂದು ವಿಷಯವಾಗಿ ಇತ್ತು. ಡಿ.ಎಲ್. ನರಸಿಂಹಾಚಾರ್ಯರ ಪುಸ್ತಕ ಇಟ್ಟುಕೊಂಡು ಓದಿದೆವು. ಪಾಠಾಂತರ ಎಂದರೇನು, ಪ್ರಕ್ಷಿಪ್ತ (ಆಮೇಲೆ ಯಾರೋ ಸೇರಿಸಿದ್ದು) ಎಂದರೇನು, ಪ್ರತಿ ಮಾಡುವವನು ಎಲ್ಲೆಲ್ಲಿ ಎಡವುತ್ತಾನೆ, ಎಲ್ಲ ಬಾಯಿಪಾಠ. ಒಳ್ಳೇ ಅಂಕವೂ ಬಂತು. ಆದರೆ ಆ ಎರಡು ವರ್ಷದಲ್ಲಿ ಒಂದೇ ಒಂದು ಓಲೆಗರಿಯನ್ನೂ ನಾನು ಹತ್ತಿರದಿಂದ ನೋಡಿರಲಿಲ್ಲ. ಮೇಲಿನ ಮಹಡಿಯಲ್ಲೇ ಕಟ್ಟುಗಟ್ಟಲೆ ಇದ್ದವು, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟು, ಚೀಟಿ ಅಂಟಿಸಿ. ಆ ಕೋಣೆಗೆ ಬೀಗ. ನಾವು ಕೇಳಲೂ ಇಲ್ಲ. ಕೇಳಬಹುದು ಅನ್ನುವುದೇ ಗೊತ್ತಿರಲಿಲ್ಲ.

ಆಮೇಲೆ ಪಿಎಚ್.ಡಿ. ಮಾಡುವಾಗ ಕೇಳಿದೆ. ಊರು ಬೇಡ, ಸಂಸ್ಥೆಯ ಹೆಸರೂ ಬೇಡ. ಮೊದಲ ದಿನ ಮಾರ್ಗದರ್ಶಕರ ಸಹಿ ಇರುವ ಪತ್ರ ಬೇಕು ಅಂದರು. ಎರಡನೇ ಸಲ ಪತ್ರ ತಂದೆ, ಬೀಗದ ಕೈ ಇರುವವರು ರಜೆಯಲ್ಲಿದ್ದರು. ಮೂರನೇ ಸಲ ಬಸ್ಸಿನಲ್ಲಿ ಐದು ಗಂಟೆ ಕೂತು ಹೋದಾಗ, "ಇದು ಅಚ್ಚಾಗಿದೆಯಲ್ಲಮ್ಮ, ಅಚ್ಚಾದದ್ದನ್ನೇ ಓದಬಹುದಲ್ಲ" ಅಂದರು. ಒರಟಾಗಿ ಹೇಳಲಿಲ್ಲ ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದರು. ಒಣಗಿದ ಗರಿ ಮುಟ್ಟಿದರೆ ಪುಡಿಯಾಗುತ್ತದೆ, ಒಂದು ಹಾಳೆ ಹೋದರೆ ಅವರೇ ಜವಾಬ್ದಾರಿ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ "ಅಚ್ಚಾಗಿದೆಯಲ್ಲ" ಅನ್ನುವ ಆ ಮಾತು ಇವತ್ತಿಗೂ ನನ್ನ ತಲೆಯಲ್ಲಿ ಉಳಿದಿದೆ, ಯಾಕೆಂದರೆ ನಮ್ಮ ಹಸ್ತಪ್ರತಿ ಭಂಡಾರಗಳನ್ನು ನಾವು ಹೇಗೆ ನೋಡುತ್ತಾ ಬಂದಿದ್ದೇವೆ ಅನ್ನುವುದೆಲ್ಲ ಆ ಒಂದು ಮಾತಿನಲ್ಲೇ ಇದೆ.

ಮೊದಲು ಹಾಗಿರಲಿಲ್ಲ. 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಶುರುವಾದಾಗ ಅದು ಕೆಲಸದ ಮನೆ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ, ಆ ಕಡೆ ಸಂಸ್ಕೃತ ಬರೆಯಲು ಬಳಸುವ 'ಗ್ರಂಥ' ಎಂಬ ಲಿಪಿಯ ಓಲೆಗರಿ ಕಟ್ಟನ್ನು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ಓದಿದ್ದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಜಗತ್ತಿಗೆ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಹೆಸರು ಮಾತ್ರ ಉಳಿದು ಕಳೆದೇ ಹೋಯಿತು ಅಂದುಕೊಂಡಿದ್ದ ಪುಸ್ತಕ ಅದು. ಕಟ್ಟು ತಂದದ್ದು ಒಬ್ಬರು, ಆದರೆ ಅದನ್ನು ಓದಬಲ್ಲ ಮನುಷ್ಯ ಆ ಕೋಣೆಯಲ್ಲಿ ಕೂತಿದ್ದರು ಅನ್ನುವುದೇ ಇಲ್ಲಿ ಮುಖ್ಯ, ಅಲ್ವಾ? ಓದಲು ಬಾರದವರ ಕೈಗೆ ಸಿಕ್ಕಿದ್ದರೆ ಒಂದು ನಂಬರು ಬಿದ್ದು ಕಪಾಟು ಸೇರುತ್ತಿತ್ತು.

ನಮ್ಮ ಕಡೆಯವರ ಕಥೆ ಇನ್ನೂ ದೊಡ್ಡದು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಊರೂರು ತಿರುಗಿ, ಮಠಗಳಲ್ಲಿ, ಮನೆಗಳ ಜಗುಲಿಯಲ್ಲಿ ಕೂತು ವಚನದ ಕಟ್ಟುಗಳನ್ನು ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರ ತಂದರು, ಸ್ವಂತ ಮನೆ ಮಾರಿ ಮುದ್ರಣಾಲಯ ಹಾಕಿದರು. ಇವತ್ತು ನಾವು "ವಚನ ಸಾಹಿತ್ಯ" ಅಂತ ಪಾಠ ಮಾಡುವುದರಲ್ಲಿ ಎಷ್ಟೋ ಭಾಗ ಹಾಗೆ ಮನೆಯ ಮಾಡಿನಿಂದ ಇಳಿದು ಬಂದದ್ದು. ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿ. ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿಯಿಂದಲೂ ಜನರ ಬಾಯಿಂದಲೂ ಆರಿಸಿ ತಂದರು. ನಮ್ಮ ಜಿಲ್ಲೆಯ ಕವಿ ಸರ್ವಜ್ಞ, ಅವನನ್ನು ನಮಗೆ ಪುಸ್ತಕವಾಗಿ ಕೊಟ್ಟವರು ಅವರು. ಇದನ್ನು ಹೇಳುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತದೆ.

ಅವರೆಲ್ಲ ಹುಡುಕಿದ್ದು ಅಚ್ಚು ಹಾಕಿಸುವುದಕ್ಕೆ. ಆ ಕಾಲಕ್ಕೆ ಅದೇ ಸರಿ. ಕವಿರಾಜಮಾರ್ಗ 1898ರಲ್ಲಿ ಅಚ್ಚಾಗದೆ ಹೋಗಿದ್ದರೆ ನಮ್ಮ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯವೇ ಇರುತ್ತಿರಲಿಲ್ಲ. ಆದರೆ ಅಚ್ಚಾದಮೇಲೆ ಏನಾಯಿತು ಅಂದರೆ, ಕೊಬ್ಬರಿ ತೆಗೆದಮೇಲೆ ಚಿಪ್ಪನ್ನು ಮೂಲೆಗೆ ಹಾಕಿದ ಹಾಗೆ ಹಸ್ತಪ್ರತಿಯನ್ನು ಮೂಲೆಗೆ ಇಟ್ಟೆವು. ಅದರ ಕೆಲಸ ಮುಗಿಯಿತು ಅಂದುಕೊಂಡೆವು. ಮುಗಿದಿಲ್ಲ. ಪಂಪಭಾರತವನ್ನು 1898ರಲ್ಲಿ ಇಂಗ್ಲಿಷ್ ವಿದ್ವಾಂಸ ಬಿ.ಎಲ್. ರೈಸ್ ಅವರು ಅಚ್ಚು ಹಾಕಿಸಿದರು, 1931ರಲ್ಲಿ ಸಾಹಿತ್ಯ ಪರಿಷತ್ತು ಮತ್ತೆ ಪರಿಷ್ಕರಿಸಿ ತಂದಿತು. ಮೂವತ್ತು ವರ್ಷದಲ್ಲಿ ಮತ್ತೆ ಹಸ್ತಪ್ರತಿಗಳ ಮುಂದೆ ಕೂರಬೇಕು ಅಂತ ಅನ್ನಿಸಿತಲ್ಲ, ಅದೇ ಸಾಕ್ಷಿ. ಇವತ್ತಿನ ಸಂಶೋಧಕರಿಗೆ ಬೇಕಾಗಿರುವುದು ಕವಿಯ ಸಾಲು ಮಾತ್ರ ಅಲ್ಲ. ಇದನ್ನು ಯಾರು ಪ್ರತಿ ಮಾಡಿದರು, ಯಾವ ಊರಲ್ಲಿ, ಯಾರಿಗೋಸ್ಕರ, ಒಂದೇ ಕಟ್ಟಿನಲ್ಲಿ ಕಾವ್ಯದ ಪಕ್ಕ ವೈದ್ಯದ ಗರಿ ಯಾಕೆ ಇದೆ, ಅಂಚಿನಲ್ಲಿ ಯಾರೋ ಕೊಟ್ಟು ತೆಗೆದುಕೊಂಡ ಲೆಕ್ಕ ಯಾಕೆ ಇದೆ, ಇಂಥದ್ದೆಲ್ಲ ಈಗ ಪ್ರಶ್ನೆ. ಅಚ್ಚಿನ ಪುಸ್ತಕದಲ್ಲಿ ಇದು ಯಾವುದೂ ಉಳಿಯುವುದಿಲ್ಲ.

ಸಂಶೋಧನೆಯ ಮಾತು ದೊಡ್ಡವರು ಆಡಲಿ. ನನಗೆ ಗೊತ್ತಿರುವುದು ಪಾಠದ ಕೋಣೆ.

ಮೂರು ವರ್ಷದ ಹಿಂದೆ ಅಂತರ್ಜಾಲದಲ್ಲಿ ಸಿಕ್ಕ ಒಂದು ಓಲೆಗರಿಯ ಚಿತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಬಿ.ಎ. ಮಕ್ಕಳಿಗೆ ನಾಲ್ಕು ನಾಲ್ಕು ಜನಕ್ಕೆ ಒಂದರಂತೆ ಹಂಚಿದೆ. ಎರಡೇ ಸಾಲು. ಭಾಮಿನಿ ಷಟ್ಪದಿಯ ಕಾವ್ಯ. ಮೊದಲ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗ, "ಮೇಡಂ, ಇದರಾಗ ಎಲ್ಲೂ ಜಾಗಾನ ಬಿಟ್ಟಿಲ್ಲಲ್ರೀ" ಅಂದ. ಅದೇ ಮೊದಲ ಪಾಠ. ಓಲೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಇರುವುದಿಲ್ಲ, ಉದ್ದಕ್ಕೂ ಒಂದೇ ಸಮ ಕೊರೆದುಕೊಂಡು ಹೋಗಿರುತ್ತಾರೆ. ಎಲ್ಲಿ ಮುರಿಯಬೇಕು ಅನ್ನುವುದು ಓದುವವನ ತಲೆನೋವು. ಇನ್ನೊಂದು ಗುಂಪಿನಲ್ಲಿ ಜಗಳವೇ ಶುರುವಾಯಿತು, ಒಬ್ಬಳು "ಮನ" ಅಂತ ಓದಿದ್ದನ್ನು ಇನ್ನೊಬ್ಬಳು "ವನ" ಅಂತ ಓದಿದ್ದಳು. ಕೈಬರಹದಲ್ಲಿ ಮ, ವ ಎರಡೂ ಹತ್ತಿರ ಹತ್ತಿರವೇ ಕಾಣುತ್ತವೆ. "ಇದಕ್ಕೇ ಪಾಠಾಂತರ ಅನ್ನೋದು" ಅಂದೆ. ಎರಡು ವರ್ಷ ಬಾಯಿಪಾಠ ಮಾಡಿದರೂ ನನಗೆ ಗೊತ್ತಾಗದೇ ಇದ್ದದ್ದು ಅವರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಹಳೇ ಬರವಣಿಗೆಯಲ್ಲಿ ಎ-ಏ, ಒ-ಓ ವ್ಯತ್ಯಾಸ ತೋರಿಸುತ್ತಿರಲಿಲ್ಲ. ಕೊಡು ಅಂತ ಬರೆದರೂ ಅಷ್ಟೇ, ಕೋಡು ಅಂತ ಬರೆದರೂ ಅಷ್ಟೇ. ಕೆರೆಯೋ ಕೇರೆಹಾವೋ ಅಂತ ಓದುವವರೇ ತೀರ್ಮಾನ ಮಾಡಬೇಕು. ಹಾಗಾದರೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರು. ಮಾತ್ರೆ ಎಣಿಸಿ ಅಂದೆ. ಭಾಮಿನಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಅಂತ ಗಣ ಬರುತ್ತದೆ. ಮೂರು ಮಾತ್ರೆ ಬೇಕಾದ ಕಡೆ ಕೊಡು ಅಂತ ಓದಿದರೆ ಎರಡೇ ಆಗುತ್ತದೆ, ಕೋಡು ಅಂದರೆ ಸರಿಹೋಗುತ್ತದೆ. ಸಂಪಾದಕರೇ, ಛಂದಸ್ಸು ಅಂದರೆ ಓಡಿಹೋಗುವ ಮಕ್ಕಳು ಅವರು. ಪ್ರಸ್ತಾರ ಹಾಕುವುದು ಪರೀಕ್ಷೆಗೆ ನಾಲ್ಕು ಅಂಕದ ಕಾಟ ಅಂದುಕೊಂಡಿದ್ದವರು. ಅವತ್ತು ತಾವಾಗಿಯೇ ಪೆನ್ಸಿಲ್ ತೆಗೆದು ಲಘು ಗುರು ಹಾಕಿದರು. ಯಾಕೆಂದರೆ ಅವತ್ತು ಅದರಿಂದ ಒಂದು ಕೆಲಸ ಆಗಬೇಕಿತ್ತು. ಗಂಟೆ ಹೊಡೆದರೂ ಏಳಲಿಲ್ಲ. ನನ್ನ ಇಪ್ಪತ್ತು ವರ್ಷದಲ್ಲಿ ಹಳಗನ್ನಡ, ನಡುಗನ್ನಡದ ತರಗತಿಯಲ್ಲಿ ಹಾಗಾದದ್ದು ಬೆರಳೆಣಿಕೆಯಷ್ಟು ಸಲ.

ಭಂಡಾರದಿಂದ ಪಾಠಕ್ಕೆ ಏನು ಸಿಗುತ್ತದೆ ಅಂದರೆ ನಾನು ತೋರಿಸುವುದು ಇದನ್ನೇ. ಪುಸ್ತಕದಲ್ಲಿ ಎಲ್ಲವೂ ತೀರ್ಮಾನವಾಗಿ ಬಂದಿರುತ್ತದೆ, ಮಕ್ಕಳು ಒಪ್ಪಿಕೊಳ್ಳಬೇಕು ಅಷ್ಟೇ. ಓಲೆಗರಿಯ ಮುಂದೆ ಅವರೇ ತೀರ್ಮಾನ ಮಾಡಬೇಕು, ಕಾರಣ ಕೊಡಬೇಕು. ಪ್ರತಿ ಮಾಡಿದವರು ಕೊನೆಗೆ ಸಂವತ್ಸರದ ಹೆಸರು ಬರೆದಿರುತ್ತಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾದರೆ ಇದು ಯಾವ ಸುತ್ತಿನದು? ತಿಥಿ ವಾರ ಹೊಂದಿಸಿ ನೋಡಬೇಕು. ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು, ಕಣ್ಣು ಕದಲಿಸದೆ, ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಕಾಪಾಡಿ ಅಂತ ಒಂದು ಸಂಸ್ಕೃತ ಶ್ಲೋಕ ಎಷ್ಟೋ ಕಟ್ಟುಗಳ ಕೊನೆಗೆ ಇರುತ್ತದೆ. ಅದರ ಅರ್ಥ ಹೇಳಿದಾಗ ಕ್ಲಾಸು ಸುಮ್ಮನಾಯಿತು. ಬಹಳ ಮಕ್ಕಳ ಅಪ್ಪ ಅಮ್ಮ ಬಗ್ಗಿ ಕಳೆ ತೆಗೆಯುವವರು. ಬೆನ್ನು ಸೊಂಟದ ಮಾತು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ಕ್ಯಾನ್ ಮಾಡುವುದಕ್ಕೆ ನಾನು ವಿರೋಧಿ ಅಂತ ಯಾರೂ ಅಂದುಕೊಳ್ಳಬಾರದು. ಸ್ಕ್ಯಾನ್ ಇಲ್ಲದಿದ್ದರೆ ಆ ಚಿತ್ರ ನನ್ನಂಥ ತಾಲ್ಲೂಕು ಊರಿನ ಅಧ್ಯಾಪಕಿಗೆ ಎಲ್ಲಿ ಸಿಗುತ್ತಿತ್ತು? ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡದವರು ಏರಿಸಿರುವ ಹಳೇ ಕನ್ನಡ ಪುಸ್ತಕಗಳಿಂದ ನಾನು ವಾರಕ್ಕೆರಡು ಸಲ ಏನಾದರೂ ಇಳಿಸಿಕೊಳ್ಳುತ್ತೇನೆ, ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ 60 ವರ್ಷದ ಮೇಲೆ ಮುಗಿಯುತ್ತದೆ. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರು ಬದುಕಿದ್ದಾಗ ಪ್ರಕಟಿಸಿದ್ದೆಲ್ಲ 2025ರಿಂದ ಎಲ್ಲರ ಸೊತ್ತು. ಇಷ್ಟು ಚೆನ್ನಾದ ಕಾಲ ಇನ್ನೊಂದು ಬರಲಿಕ್ಕಿಲ್ಲ. ಆದರೆ ಫೋಟೊ ತೆಗೆದು ಹಾರ್ಡ್ ಡಿಸ್ಕಿನಲ್ಲಿ ಇಟ್ಟರೆ ಅದೂ ಬೀಗ ಹಾಕಿದ ಕೋಣೆಯೇ. ಪಟ್ಟಿ ಬೇಕು. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವಂಥ ಪಟ್ಟಿ. ಕೃತಿಯ ಹೆಸರು ಮಾತ್ರ ಅಲ್ಲ, ಯಾವ ಊರಿಂದ ಬಂತು, ಎಷ್ಟು ಗರಿ, ಎಲ್ಲಿ ಮುರಿದಿದೆ, ಕೊನೆಯಲ್ಲಿ ಏನು ಬರೆದಿದೆ ಇಷ್ಟಾದರೂ. ಅದನ್ನು ಮಾಡುವುದು ಯಂತ್ರ ಅಲ್ಲ. ಅಚ್ಚಿನ ಕನ್ನಡವನ್ನು ಕಂಪ್ಯೂಟರ್ ಈಗ ಸುಮಾರಾಗಿ ಓದುತ್ತದೆ, ಜಾಗ ಬಿಡದೆ ಕೊರೆದ ಗರಿಯನ್ನು ಓದುವುದಕ್ಕೆ ಇನ್ನೂ ಮನುಷ್ಯರೇ ಬೇಕು. ಆ ಮನುಷ್ಯರನ್ನು ತಯಾರು ಮಾಡುವ ಜಾಗ ಕಾಲೇಜು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗೇ ಒಂದು ವಿಭಾಗ ಇದೆ, ಅಂಥದ್ದು ಇನ್ನೂ ನಾಲ್ಕು ಕಡೆ ಬೇಕು. ಅಷ್ಟು ಬೇಡ ಅಂದರೆ ಪ್ರತಿ ಜಿಲ್ಲೆಯಲ್ಲಿ ಇಬ್ಬರು ಅಧ್ಯಾಪಕರಿಗಾದರೂ ಬೇಸಿಗೆ ರಜೆಯಲ್ಲಿ ಲಿಪಿ ಕಲಿಸಲಿ. ನಾನು ಮೊದಲ ಸಾಲಿನಲ್ಲಿ ಬಂದು ಕೂರುತ್ತೇನೆ.

ಕಡತ ಅನ್ನುವ ಮಾತು ನೋಡಿ. ಸರ್ಕಾರಿ ಕಚೇರಿಯಲ್ಲಿ ದಿನಕ್ಕೆ ನೂರು ಸಲ ಹೇಳುತ್ತಾರೆ. ಕಡತ ಅಂದರೆ ಮೊದಲು ಬಟ್ಟೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡ ಅಂದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಇದನ್ನು ಹೇಳಿದಾಗ ನಮ್ಮ ಕಾಲೇಜಿನ ಗುಮಾಸ್ತರೇ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಒಂದು ನಿಜವಾದ ಕಡತವನ್ನು ಆ ಮಕ್ಕಳಿಗೆ ತೋರಿಸಬೇಕು ಅಂತ ನನಗೆ ಬಹಳ ಆಸೆ.

ಹಳೇದರ ಮಾತಾಯಿತು. ಹೊಸಬರ ಕಾಗದಗಳ ಗತಿ ಇನ್ನೂ ಕೆಟ್ಟದ್ದು. ಪ್ರತಿ ವರ್ಷ ಮಕ್ಕಳನ್ನು ಕುವೆಂಪು ಅವರ ಕುಪ್ಪಳಿಗೋ, ಬೇಂದ್ರೆಯವರಿದ್ದ ಧಾರವಾಡದ ಸಾಧನಕೇರಿಗೋ, ಕಾರಂತರಿದ್ದ ಪುತ್ತೂರಿನ ಬಾಲವನಕ್ಕೋ ಕರೆದುಕೊಂಡು ಹೋಗುತ್ತೇನೆ. ಇಂಥ ಜಾಗಗಳನ್ನು ಉಳಿಸಿಕೊಂಡಿರುವುದು ನಮ್ಮ ಪುಣ್ಯ. ಒಂದು ಸಲ ಬಸ್ಸಿನಲ್ಲಿ ಬರುವಾಗ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಇವರು ಬರದು ಹೊಡದು ಹಾಕಿದ ಹಾಳಿ ಎಲ್ಲಿ ಅದಾವ್ರೀ?" ಎಷ್ಟು ಸರಿಯಾದ ಪ್ರಶ್ನೆ. ದೊಡ್ಡ ಕವಿಯೂ ಮೊದಲ ಸಲಕ್ಕೇ ಸರಿಯಾಗಿ ಬರೆಯಲಿಲ್ಲ, ಈ ಪದ ಹೊಡೆದು ಆ ಪದ ಹಾಕಿದ, ಆಮೇಲೆ ಮತ್ತೆ ಮೊದಲಿನದ್ದಕ್ಕೇ ಬಂದ ಅಂತ ಕಣ್ಣಾರೆ ನೋಡಿದ ಮಗು ತನ್ನ ಪ್ರಬಂಧವನ್ನೂ ಎರಡನೇ ಸಲ ಬರೆಯುತ್ತದೆ. ನಾನು ನೂರು ಸಲ ಹೇಳಿದರೂ ಬರೆಯುವುದಿಲ್ಲ.

ಆದರೆ ಆ ಹಾಳೆಗಳು ಎಲ್ಲಿ ಹೋಗುತ್ತವೆ ಅಂತ ನಾನೇ ನೋಡಿದ್ದೇನೆ. ನನಗೆ ಪರಿಚಯವಿದ್ದ ಒಬ್ಬ ಹಿರಿಯ ಲೇಖಕರು ತೀರಿಕೊಂಡಾಗ ಮನೆಯವರು ಮನೆ ಖಾಲಿ ಮಾಡಬೇಕಿತ್ತು. ಮಕ್ಕಳು ದೂರದ ಊರಲ್ಲಿ, ಅವರನ್ನು ನಾನು ದೂರುವುದಿಲ್ಲ, ಅವರು ಎರಡು ಕಡೆ ಫೋನ್ ಮಾಡಿ ಕೇಳಿದ್ದರು. ಒಂದು ಕಡೆ ಪುಸ್ತಕ ಮಾತ್ರ ತೆಗೆದುಕೊಳ್ಳುತ್ತೇವೆ ಅಂದರಂತೆ, ಇನ್ನೊಂದು ಕಡೆ ಜಾಗ ಇಲ್ಲ ಅಂದರಂತೆ. ನಾನು ಹೋಗುವಷ್ಟರಲ್ಲಿ ರದ್ದಿಯವನು ತಕ್ಕಡಿ ಹಿಡಿದು ಅಂಗಳದಲ್ಲಿ ಕೂತಿದ್ದ. ನಲವತ್ತು ವರ್ಷದ ಪತ್ರಗಳು, ಇನ್ಲ್ಯಾಂಡ್ ಲೆಟರುಗಳು, ಕಾರ್ಡುಗಳು. ಒಂದು ಗೋಣಿಚೀಲ ಮಾತ್ರ ನನ್ನ ಕೈಗೆ ಸಿಕ್ಕಿತು. ಅದರಲ್ಲಿದ್ದ ಒಂದು ಕಾರ್ಡಿನಲ್ಲಿ ಅವರ ಗೆಳೆಯರು, ನಿಮ್ಮ ಕಥೆಯ ಕೊನೆಯ ಪ್ಯಾರಾ ತೆಗೆದುಬಿಡಿ, ಕಥೆ ಅದಕ್ಕಿಂತ ಮುಂಚೆಯೇ ಮುಗಿದಿದೆ ಅಂತ ಬರೆದಿದ್ದಾರೆ. ಪ್ರಕಟವಾದ ಕಥೆ ತೆಗೆದು ನೋಡಿದೆ. ಆ ಪ್ಯಾರಾ ಇಲ್ಲ. ಉಳಿದ ಚೀಲಗಳಲ್ಲಿ ಇನ್ನೇನಿತ್ತೋ.

ಈಗ ಬರೆಯುವವರೆಲ್ಲ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಬರೆಯುತ್ತಾರೆ. ಹೊಡೆದುಹಾಕಿದ್ದು ಹೋಯಿತು ಅಂದರೆ ಹೋಯಿತು. ಲೇಖಕರ ಹಳೇ ಕಂಪ್ಯೂಟರನ್ನು, ಮಿಂಚಂಚೆಯನ್ನು ಮನೆಯವರ ಒಪ್ಪಿಗೆ ತೆಗೆದುಕೊಂಡು ಯಾರು ಇಟ್ಟುಕೊಳ್ಳುತ್ತಾರೆ? ಇದರ ಬಗ್ಗೆ ಈಗಲೇ ಮಾತಾಡದಿದ್ದರೆ ಇವತ್ತಿನ ಕನ್ನಡ ಹೇಗೆ ಹುಟ್ಟಿತು ಅಂತ ಐವತ್ತು ವರ್ಷದ ನಂತರ ಯಾರಿಗೂ ತೋರಿಸಲು ಆಗುವುದಿಲ್ಲ. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಬಾಸೆಲ್ ಮಿಷನ್‌ನವರು ತಮ್ಮ ಕಾಗದ ಪತ್ರ, ಫೋಟೊಗಳನ್ನು ಜೋಡಿಸಿಟ್ಟರು. ಅದಕ್ಕೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ನಮ್ಮ ಊರುಗಳ ಹಳೇ ಫೋಟೊಗಳನ್ನು ನನ್ನ ಕ್ಲಾಸಿನ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ಪಕ್ಕದ ತಾಲ್ಲೂಕಿನ ಕವಿಯ ಒಂದು ಪತ್ರ ಬೇಕು ಅಂದರೆ ಸಿಗುವುದಿಲ್ಲ.

ವಾಟ್ಸಾಪ್‌ನಲ್ಲಿ ದಿನಾ ಬೆಳಿಗ್ಗೆ ಒಂದು ವಚನ ಬರುತ್ತದಲ್ಲ, ಅದನ್ನೂ ಪಾಠಕ್ಕೆ ಬಳಸುತ್ತೇನೆ. ಬಸವಣ್ಣ ಹೇಳಿದ್ದು ಅಂತ ಬಂದದ್ದನ್ನು ಹಿಡಿದು, ಸರ್ಕಾರ 1993ರಲ್ಲಿ ತಂದ ವಚನಗಳ 15 ಸಂಪುಟಗಳಲ್ಲಿ ಹುಡುಕಿಸುತ್ತೇನೆ. ಕೆಲವು ಸಿಗುತ್ತವೆ, ಕೆಲವು ಬೇರೆಯವರದ್ದಾಗಿರುತ್ತವೆ, ಕೆಲವು ಎಲ್ಲೂ ಇರುವುದಿಲ್ಲ. ಒಂದು ತಿಂಗಳಾದಮೇಲೆ ಮಕ್ಕಳು ಮನೆಯ ಗುಂಪಿನಲ್ಲಿ ದೊಡ್ಡವರನ್ನೇ "ಇದು ಯಾವ ಸಂಪುಟದಾಗ ಐತಿ?" ಅಂತ ಕೇಳುತ್ತಾರೆ.

ನಾನು ಕೇಳುವುದು ಜಾಸ್ತಿ ಅಲ್ಲ. ಕನ್ನಡ ಓದುವ ಪ್ರತಿ ಪದವಿ ವಿದ್ಯಾರ್ಥಿ ವರ್ಷಕ್ಕೆ ಒಂದು ದಿನ ಹಸ್ತಪ್ರತಿ ಭಂಡಾರದಲ್ಲಿ ಕೂತು ಒಂದು ಗರಿ ಓದುವುದು ಪಠ್ಯದ ಭಾಗವಾಗಲಿ, ಅಂಕವೂ ಇರಲಿ. ಮೂಲ ಕೊಡಲು ಭಯವಾದರೆ ನಕಲು ಕೊಡಲಿ, ಆದರೆ ಬಾಗಿಲು ತೆಗೆಯಲಿ. ಜಿಲ್ಲೆಗೊಂದು ಕಡೆ, ಜಿಲ್ಲಾ ಗ್ರಂಥಾಲಯದಲ್ಲೇ ಆದರೂ ಆಗಬಹುದು, ಮನೆಗಳಲ್ಲಿ ಇರುವ ಪತ್ರ, ನೋಟ್‌ಬುಕ್, ಡೈರಿ ತಂದುಕೊಟ್ಟರೆ ರಸೀದಿ ಕೊಟ್ಟು ಇಟ್ಟುಕೊಳ್ಳುವ ಒಂದು ಕೋಣೆ ಇರಲಿ. ಅಲ್ಲಿ ಬೀಗದ ಕೈ ಇಬ್ಬರ ಹತ್ತಿರ ಇರಲಿ.

ಇದನ್ನು ಕೇಳಲು ಕಾರಣ ಇದೆ. ಆ ಎರಡು ಸಾಲಿನ ಪಾಠ ಆದ ವಾರ, ಜಾಗ ಬಿಟ್ಟಿಲ್ಲ ಅಂದಿದ್ದ ಹುಡುಗನೇ ಒಂದು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟ. ಅವನ ಅಜ್ಜ ನಮ್ಮ ಕಡೆಯ ಬಯಲು ನಾಟಕವಾದ ದೊಡ್ಡಾಟ ಕಲಿಸುವ ಮಾಸ್ತರರಂತೆ. ಉದ್ದ ಲೆಕ್ಕದ ಪುಸ್ತಕದಲ್ಲಿ, ನೀಲಿ ಶಾಯಿಯಲ್ಲಿ, ಒಂದು ಇಡೀ ಆಟ. ಪದ, ಮಾತು, ತಾಳದ ಗುರುತು, ಬದಿಗೆ ಯಾವ ಪಾತ್ರ ಯಾರು ಕಟ್ಟಿದ್ದರು ಅಂತ ಊರವರ ಹೆಸರು. ಒಂದೊಂದು ಪಾತ್ರಕ್ಕೆ ಮೂರು ಮೂರು ಹೆಸರು, ಹಳೇದನ್ನು ಹೊಡೆದು ಹೊಸದು. ಜಂತಿಯ ಮೇಲೆ ಇತ್ತಂತೆ, ಅಂಚನ್ನು ಇಲಿ ಕಡಿದಿದೆ. ನಾಲ್ಕು ಕಡೆ ಕೇಳಿದೆ, ಕೈಬರಹದ ನೋಟ್‌ಬುಕ್ ಇಟ್ಟುಕೊಳ್ಳುವ ವ್ಯವಸ್ಥೆ ಜಿಲ್ಲೆಯಲ್ಲಿ ಸಿಗಲಿಲ್ಲ. ಹಾಗಾಗಿ ಅದು ಕನ್ನಡ ವಿಭಾಗದ ಕಬ್ಬಿಣದ ಬೀರುವಿನಲ್ಲಿದೆ, ಬೇವಿನ ಎಲೆಯ ಜೊತೆ. ಹುಡುಗ ಈಗ ಬಿ.ಎಡ್. ಮಾಡುತ್ತಿದ್ದಾನೆ, ಅವನ ಕಿರಿಯರು ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಅದನ್ನು ಟೈಪ್ ಮಾಡುತ್ತಾರೆ. ಮೊನ್ನೆ 41ನೇ ಪುಟಕ್ಕೆ ಬಂದೆವು. ಅಲ್ಲಿ ಒಂದು ಪದದ ಅರ್ಥ ಯಾರಿಗೂ ಗೊತ್ತಾಗಲಿಲ್ಲ, ಅಜ್ಜನನ್ನೇ ಕೇಳಿಕೊಂಡು ಬಾ ಅಂತ ಅವನಿಗೆ ಫೋನ್ ಮಾಡಿದ್ದೇನೆ.

ಇಂತಿ,
ಕನ್ನಡ ಅಧ್ಯಾಪಕಿ,
ಹಾವೇರಿ ಜಿಲ್ಲೆ